ಪ್ರಕರಣ ಅಧ್ಯಯನ: ಲೆಕ್ಕಕ್ಕಿಂತ ಜಾಸ್ತಿ ಬಂದ ನ್ಯೂಟ್ರಾನ್‌ಗಳು

ಇದು ಯುರೋಪಿನ ಒಂದು ವೇಗವರ್ಧಕ ಕೇಂದ್ರದಲ್ಲಿ ನಡೆದದ್ದು. ಎಂಟು ದಿನದ ಪ್ರಯೋಗ. ಆ ತಂಡದಲ್ಲಿ ನಾನೂ ಒಬ್ಬಳು. ಕೇಂದ್ರದ ಹೆಸರು, ತಂಡದವರ ಹೆಸರು, ನಾವು ಅಳೆಯಲು ಹೋಗಿದ್ದ ಮುಖ್ಯ ನ್ಯೂಕ್ಲಿಯಸ್‌ನ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಭೌತಶಾಸ್ತ್ರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ನ್ಯೂಟ್ರಾನ್ ಎಣಿಸುವ ಕೆಲಸಕ್ಕೆ ಇಳಿಯುವ ನಮ್ಮ ಹುಡುಗ ಹುಡುಗಿಯರು ನಾವು ಕಳೆದುಕೊಂಡ ಮೂರು ದಿನವನ್ನು ಮತ್ತೆ ಕಳೆದುಕೊಳ್ಳಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಕೆಲವು ನ್ಯೂಕ್ಲಿಯಸ್‌ಗಳಲ್ಲಿ ನ್ಯೂಟ್ರಾನ್ ವಿಪರೀತ ಜಾಸ್ತಿ ಇರುತ್ತವೆ. ಅವು ಬೀಟಾ ಕ್ಷಯದಿಂದ ಹಗುರಾಗುತ್ತವೆ, ಅಂದರೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ಹೊರಗೆ ಬರುತ್ತದೆ. ಆ ಎಲೆಕ್ಟ್ರಾನನ್ನೇ ಬೀಟಾ ಎನ್ನುತ್ತೇವೆ. ಆದರೆ ಹುಟ್ಟಿದ ಮರಿ ನ್ಯೂಕ್ಲಿಯಸ್‌ನಲ್ಲಿ ಕೆಲವೊಮ್ಮೆ ಎಷ್ಟು ಶಕ್ತಿ ಉಳಿದಿರುತ್ತದೆ ಎಂದರೆ, ಅದು ಒಂದು ನ್ಯೂಟ್ರಾನನ್ನೇ ಹೊರಗೆ ಎಸೆಯುತ್ತದೆ. ಬೀಟಾ ಆಗುವವರೆಗೂ ಕಾಯಬೇಕಾದ್ದರಿಂದ ಇದಕ್ಕೆ ತಡವಾದ ನ್ಯೂಟ್ರಾನ್ ಎನ್ನುತ್ತಾರೆ. 1939ರಲ್ಲಿ ವಾಷಿಂಗ್ಟನ್‌ನಲ್ಲಿ ರಾಬರ್ಟ್ಸ್, ಮೇಯರ್, ವಾಂಗ್ ಎಂಬ ಮೂವರು ಇದನ್ನು ಮೊದಲು ಗಮನಿಸಿದರು. ಯುರೇನಿಯಂ ಒಡೆಯುವುದನ್ನು ನಿಲ್ಲಿಸಿದ ಮೇಲೂ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನ್ಯೂಟ್ರಾನ್ ಬರುತ್ತಲೇ ಇದ್ದವು.

ಯುರೇನಿಯಂ-235 (ಹೆಸರಿನ ಮುಂದಿನ ಸಂಖ್ಯೆ ಎಂದರೆ ನ್ಯೂಕ್ಲಿಯಸ್ಸಿನ ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು) ಒಡೆದಾಗ ಬರುವ ಸಾವಿರ ನ್ಯೂಟ್ರಾನ್‌ಗಳಲ್ಲಿ ಇಂಥವು ಆರೂವರೆ ಮಾತ್ರ. ಆದರೆ ಈ ಆರೂವರೆ ಇಲ್ಲದಿದ್ದರೆ ರಿಯಾಕ್ಟರ್ ನಮ್ಮ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಮ್ಮ ಕೈಗಾದಲ್ಲಿ ಕಂಟ್ರೋಲ್ ರೂಮಿನವರು ಶಕ್ತಿಯನ್ನು ನಿಧಾನವಾಗಿ ಏರಿಸಿ ಇಳಿಸಲು ಸಮಯ ಸಿಗುವುದೇ ಈ ತಡದಿಂದ. ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳು ಆಕಾಶದಲ್ಲಿ ಹೇಗೆ ತಯಾರಾದವು ಎಂಬ ಲೆಕ್ಕಕ್ಕೂ ಇವು ಬೇಕು.

ನೂರು ಸಲ ಬೀಟಾ ಕ್ಷಯವಾದರೆ ಎಷ್ಟು ಸಲ ನ್ಯೂಟ್ರಾನ್ ಬರುತ್ತದೆ? ಆ ಸಂಖ್ಯೆಗೆ ನಾವು ಪಿಎನ್ ಎನ್ನುತ್ತೇವೆ. ಅದನ್ನು ಅಳೆಯುವುದೇ ನಮ್ಮ ಕೆಲಸವಾಗಿತ್ತು.

ಕೇಳಲು ಸುಲಭ. ಬೀಟಾ ಎಣಿಸು, ನ್ಯೂಟ್ರಾನ್ ಎಣಿಸು, ಭಾಗಿಸು. ಕಷ್ಟ ಇರುವುದು ನ್ಯೂಟ್ರಾನ್ ಎಣಿಸುವುದರಲ್ಲಿ. ಅದಕ್ಕೆ ವಿದ್ಯುದಂಶ ಇಲ್ಲ. ಹೋದ ದಾರಿಯಲ್ಲಿ ಯಾವ ಗುರುತನ್ನೂ ಬಿಡದೆ ಹೋಗುತ್ತದೆ. ಹಾಗಾಗಿ ಮೊದಲು ಅದನ್ನು ನಿಧಾನ ಮಾಡಬೇಕು, ಆಮೇಲೆ ಯಾವುದಾದರೂ ನ್ಯೂಕ್ಲಿಯಸ್ ಅದನ್ನು ನುಂಗಿ ಸಿಗ್ನಲ್ ಕೊಡಬೇಕು. ನಿಧಾನ ಮಾಡಲು ಪಾಲಿಥೀನ್ ಸಾಕು. ಅದರ ತುಂಬ ಹೈಡ್ರೋಜನ್ ಇದೆ, ಹೈಡ್ರೋಜನ್ ನ್ಯೂಕ್ಲಿಯಸ್‌ಗೂ ನ್ಯೂಟ್ರಾನ್‌ಗೂ ತೂಕ ಹೆಚ್ಚುಕಮ್ಮಿ ಒಂದೇ. ಗೋಲಿ ಆಡಿದವರಿಗೆ ಗೊತ್ತು, ಒಂದೇ ತೂಕದ ಗೋಲಿಗೆ ನೇರವಾಗಿ ಹೊಡೆದರೆ ಹೊಡೆದ ಗೋಲಿ ಅಲ್ಲೇ ನಿಂತುಬಿಡುತ್ತದೆ. ನುಂಗಲು ಹೀಲಿಯಂ-3 ಅನಿಲ ತುಂಬಿದ ಟ್ಯೂಬ್. ನಿಧಾನವಾದ ನ್ಯೂಟ್ರಾನ್ ಹೀಲಿಯಂ-3ರಲ್ಲಿ ಸಿಕ್ಕಿಬಿದ್ದರೆ ಒಂದು ಪ್ರೋಟಾನ್, ಒಂದು ಟ್ರೈಟಾನ್ (ಎರಡು ನ್ಯೂಟ್ರಾನ್ ಇರುವ ಭಾರದ ಹೈಡ್ರೋಜನ್ ನ್ಯೂಕ್ಲಿಯಸ್) ಹುಟ್ಟಿ, 764 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಆ ಪಲ್ಸನ್ನು ನಾವು ಎಣಿಸುತ್ತೇವೆ.

ನಮ್ಮದು ಒಂದು ದೊಡ್ಡ ಪೆಟ್ಟಿಗೆಯಷ್ಟಿದ್ದ ಪಾಲಿಥೀನ್ ದಿಮ್ಮಿ. ನಡುವೆ ಒಂದು ತೂತು. ಆ ತೂತಿನ ಸುತ್ತ ಮೂರು ಸಾಲು ಟ್ಯೂಬ್‌ಗಳು, ಬಳೆಯೊಳಗೆ ಬಳೆ ಇಟ್ಟ ಹಾಗೆ. ವೇಗವರ್ಧಕದಿಂದ ಬಂದ ಪ್ರೋಟಾನ್‌ಗಳು ಯುರೇನಿಯಂಗೆ ಬಡಿದು ಅದನ್ನು ಒಡೆಯುತ್ತಿದ್ದವು. ಆ ಚೂರುಗಳಲ್ಲಿ ಬೇಕಾದದ್ದನ್ನು ಮಾತ್ರ, ವಿದ್ಯುತ್ ಮತ್ತು ಕಾಂತ ಕ್ಷೇತ್ರದಲ್ಲಿ ಹಿಡಿದು ತೂಕದ ಮೇಲೆ ಬೇರ್ಪಡಿಸುವ ಪೆನ್ನಿಂಗ್ ಟ್ರ್ಯಾಪ್‌ನಲ್ಲಿ ಸೋಸಿ ತೂತಿನ ನಡುವಿನ ಒಂದು ಟೇಪಿನ ಮೇಲೆ ಕೂರಿಸುತ್ತಿದ್ದರು. ಪಕ್ಕದಲ್ಲೇ ಬೀಟಾ ಹಿಡಿಯುವ ತೆಳು ಪ್ಲಾಸ್ಟಿಕ್, ಒಂದು ಜರ್ಮೇನಿಯಂ ಗಾಮಾ ಡಿಟೆಕ್ಟರ್. ಕೆಲಸ ಮುಗಿದ ತುಣುಕನ್ನು ಟೇಪ್ ಎಳೆದುಕೊಂಡು ಹೋಗುತ್ತಿತ್ತು.

ಮೊದಲ ದಿನ ಕ್ಯಾಲಿಫೋರ್ನಿಯಂ-252 ಇಟ್ಟು ಪರೀಕ್ಷೆ ಮಾಡಿದೆವು. ಎಲ್ಲರೂ ಹಾಗೇ ಮಾಡುತ್ತಾರೆ. ಅದು ತಾನಾಗಿಯೇ ಒಡೆಯುವ ಧಾತು. ಒಂದು ಮೈಕ್ರೋಗ್ರಾಂ ಇದ್ದರೆ ಸೆಕೆಂಡಿಗೆ 23 ಲಕ್ಷ ನ್ಯೂಟ್ರಾನ್ ಬರುತ್ತವೆ. ನಮ್ಮ ಬಳಿ ಇದ್ದದ್ದು ಅದರ ಸಣ್ಣ ಚೂರು, ಎಷ್ಟು ಬರುತ್ತವೆ ಎಂಬ ಪ್ರಮಾಣಪತ್ರದೊಂದಿಗೆ. ಹೊರಟ ನೂರರಲ್ಲಿ 36ನ್ನು ನಮ್ಮ ಯಂತ್ರ ಹಿಡಿಯಿತು. ಯಾರೋ ಹಳದಿ ಟೇಪಿನ ಮೇಲೆ ಮಾರ್ಕರ್‌ನಲ್ಲಿ "ಎಫಿಶಿಯನ್ಸಿ 36" ಎಂದು ಬರೆದು ಎಲೆಕ್ಟ್ರಾನಿಕ್ಸ್ ರ‍್ಯಾಕಿಗೆ ಅಂಟಿಸಿದರು. ಆಮೇಲೆ ಮೂರು ದಿನ ಆ ಹಳದಿ ಚೀಟಿಯ ಕಡೆಗೆ ಯಾರೂ ಅನುಮಾನದಿಂದ ನೋಡಲಿಲ್ಲ.

ಸಮಸ್ಯೆ

ಹೊಸ ನ್ಯೂಕ್ಲಿಯಸ್ ಅಳೆಯುವ ಮುಂಚೆ ಗೊತ್ತಿರುವ ಒಂದನ್ನು ಅಳೆದು ನೋಡುವುದು ವಾಡಿಕೆ. ನಾವು ರುಬಿಡಿಯಂ-95 ಆರಿಸಿಕೊಂಡೆವು. ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯವಾಗಲು ಬೇಕಾದ ಹೊತ್ತು, 0.38 ಸೆಕೆಂಡ್. ಪಿಎನ್ ಸುಮಾರು 9. ಹಲವು ಗುಂಪುಗಳು ಬೇರೆ ಬೇರೆ ವಿಧಾನದಲ್ಲಿ ಅಳೆದಿರುವ ಸಂಖ್ಯೆ ಅದು.

ನಮಗೆ ಬಂದದ್ದು ಹತ್ತೂವರೆಯ ಮೇಲೆ.

ಡೇಟಾ ನೋಡುತ್ತಿದ್ದದ್ದು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಕನ್ನಡದ ಹುಡುಗ. ರಾತ್ರಿ ಪಾಳಿಯಲ್ಲಿ ನಾವಿಬ್ಬರೇ ಇದ್ದೆವು. "ಅಕ್ಕಾ, ಲೆಕ್ಕ ಜಾಸ್ತಿ ಬರ್ತಿದೆ. ಮೂರು ಸಲ ಮಾಡಿದೆ, ಹಂಗೇ ಬರ್ತಿದೆ," ಅಂದ. ಮುಖ ಸಪ್ಪಗಾಗಿತ್ತು. ತನ್ನ ಪ್ರೋಗ್ರಾಂನಲ್ಲೇ ಏನೋ ತಪ್ಪಿದೆ ಎಂದುಕೊಂಡಿದ್ದ. ನಾನೂ ಬೇರೆಯಾಗಿ, ಕೈಯಲ್ಲೇ ಲೆಕ್ಕ ಹಾಕಿದೆ. ಅದೇ ಸಂಖ್ಯೆ.

ಇದು ಸಣ್ಣ ವ್ಯತ್ಯಾಸ ಅಲ್ವಾ ಎಂದು ಅನ್ನಿಸಬಹುದು. ಆದರೆ ಗೊತ್ತಿರುವುದರಲ್ಲೇ ಇಷ್ಟು ತಪ್ಪಿದರೆ, ಯಾರೂ ಅಳೆಯದ ನ್ಯೂಕ್ಲಿಯಸ್‌ನ ಬಗ್ಗೆ ನಾವು ಹೇಳುವ ಸಂಖ್ಯೆಯನ್ನು ಯಾರು ನಂಬಬೇಕು?

ಏನೇನು ಮಾಡಿದೆವು

ನ್ಯೂಟ್ರಾನ್ ಜಾಸ್ತಿ ಕಂಡರೆ ಮೊದಲ ಅನುಮಾನ ಸುಳ್ಳು ಪಲ್ಸ್‌ಗಳ ಮೇಲೆ. ಪ್ರತಿ ಟ್ಯೂಬಿನ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯ ಪಲ್ಸ್ ಎಷ್ಟು ಬಂದವು ಎಂಬ ಚಿತ್ರ, ತೆಗೆದು ಗೋಡೆಗೆ ಅಂಟಿಸಿದೆವು. ನಿಜವಾದ ನ್ಯೂಟ್ರಾನ್ ಇರುವ ಟ್ಯೂಬಿನ ಚಿತ್ರಕ್ಕೆ ಒಂದು ಖಚಿತವಾದ ಆಕಾರ ಇರುತ್ತದೆ. 764ರಲ್ಲಿ ಒಂದು ಗುಡ್ಡ. ಅದರ ಎಡಕ್ಕೆ ಎರಡು ಮೆಟ್ಟಿಲು, 573 ಮತ್ತು 191ರಲ್ಲಿ. ಪ್ರೋಟಾನ್ ಅಥವಾ ಟ್ರೈಟಾನ್ ಗೋಡೆಗೆ ಬಡಿದು ತನ್ನ ಪಾಲಿನ ಶಕ್ತಿಯನ್ನು ಅಲ್ಲೇ ಕಳೆದುಕೊಂಡಾಗ ಈ ಮೆಟ್ಟಿಲು ಮೂಡುತ್ತವೆ. ಅದರ ಕೆಳಗೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ತೀರ ಎಡದಲ್ಲಿ ಗಾಮಾ ಮತ್ತು ಎಲೆಕ್ಟ್ರಾನಿಕ್ ಗದ್ದಲ.

ಒಂದು ಟ್ಯೂಬಿನ ಚಿತ್ರ ಮಾತ್ರ ಕೆಟ್ಟಿತ್ತು. ಮೆಟ್ಟಿಲಿನ ಮೇಲೆಲ್ಲ ಗದ್ದಲ ಹರಡಿಕೊಂಡಿತ್ತು. ಹೈ ವೋಲ್ಟೇಜ್ ಇಳಿಸಿ ಕನೆಕ್ಟರ್ ಬಿಚ್ಚಿದೆವು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಬಿಳಿ ನಿರೋಧಕದ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಪಕ್ಕದ ಡಬ್ಬಿಯಲ್ಲಿದ್ದ ಸಿಲಿಕಾ ಜೆಲ್ ಹರಳುಗಳು ನೀಲಿ ಹೋಗಿ ಪೂರ್ತಿ ಗುಲಾಬಿ ಆಗಿದ್ದವು. ತೇವ ಸೇರಿತ್ತು. ಆ ಗೆರೆಯ ಮೇಲೆ ವಿದ್ಯುತ್ ಸೋರಿ ಪಟಪಟ ಎಂದು ಸುಳ್ಳು ಪಲ್ಸ್ ಬರುತ್ತಿತ್ತು. ಕನೆಕ್ಟರ್ ಬದಲಿಸಿ, ಹೊಸ ಜೆಲ್ ಹಾಕಿ, ವೋಲ್ಟೇಜ್ ಏರಿಸಿದೆವು. ಚಿತ್ರ ಸ್ವಚ್ಛವಾಯಿತು. ಕಂಟ್ರೋಲ್ ರೂಮಿನಲ್ಲಿ ಎಲ್ಲರ ಮುಖದಲ್ಲೂ ನಗು. ಕೇಕ್ ಕೂಡ ಬಂತು.

ಮತ್ತೆ ಅಳೆದೆವು. ಸಂಖ್ಯೆ ಕದಲಲಿಲ್ಲ.

ಇಲ್ಲಿ ನಾವು ಒಂದೂವರೆ ದಿನ ಕಳೆದುಕೊಂಡೆವು. ಸ್ವಲ್ಪ ಯೋಚಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಪ್ರತಿ ಬೀಟಾ ಆದ ಮೇಲೆ ಅರ್ಧ ಮಿಲಿಸೆಕೆಂಡಿನೊಳಗೆ ಬಂದ ನ್ಯೂಟ್ರಾನ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆವು. ನ್ಯೂಟ್ರಾನ್ ಪಾಲಿಥೀನಿನಲ್ಲಿ ಅಲೆದಾಡಿ ನಿಧಾನವಾಗಿ ಟ್ಯೂಬಿಗೆ ಸಿಗಲು ಅಷ್ಟು ಹೊತ್ತು ಬೇಕು. ಜೊತೆಗೆ ಪ್ರತಿ ಬೀಟಾದ ಹಿಂದಿನ ಅರ್ಧ ಮಿಲಿಸೆಕೆಂಡನ್ನೂ ನೋಡುತ್ತಿದ್ದೆವು. ಬೀಟಾಗಿಂತ ಮುಂಚೆಯೇ ಅದರ ನ್ಯೂಟ್ರಾನ್ ಬರಲು ಸಾಧ್ಯವಿಲ್ಲ. ಅಲ್ಲಿ ಕಂಡದ್ದೆಲ್ಲ ಕಾಸ್ಮಿಕ್ ಕಿರಣದ್ದು, ಗದ್ದಲದ್ದು, ಪಕ್ಕದ ಬೀಮಿನದ್ದು, ಅಂದರೆ ವೇಗವರ್ಧಕದಿಂದ ಬರುವ ಕಣಗಳ ಧಾರೆಯದ್ದು. ಅದನ್ನು ಕಳೆದುಬಿಡುತ್ತಿದ್ದೆವು. ಸೋರುವ ಕನೆಕ್ಟರ್‌ಗೆ ಬೀಟಾ ಯಾವಾಗ ಆಯಿತು ಎಂದು ಗೊತ್ತಿರುವುದಿಲ್ಲ. ಅದರ ಪಲ್ಸ್ ಹಿಂದೆಯೂ ಮುಂದೆಯೂ ಒಂದೇ ಸಮ ಬಿದ್ದು, ಕಳೆಯುವಾಗ ಹೋಗಿಬಿಡುತ್ತದೆ. ಆ ಟ್ಯೂಬ್ ಕೆಟ್ಟಿದ್ದು ನಿಜ, ಸರಿ ಮಾಡಲೇಬೇಕಿತ್ತು. ಆದರೆ ನಮ್ಮ ಹೆಚ್ಚುವರಿ ನ್ಯೂಟ್ರಾನ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಕಣ್ಣಿಗೆ ಕಾಣುವ ಒಂದು ದೋಷ ಸಿಕ್ಕಿದ ಖುಷಿಯಲ್ಲಿ, ಆ ದೋಷದಿಂದ ಈ ವ್ಯತ್ಯಾಸ ಬರಬಹುದೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡನೇ ಅನುಮಾನ ಬೀಟಾ ಕಡೆಗೆ ಹೋಯಿತು. ನ್ಯೂಟ್ರಾನ್ ಹೊರಡಬೇಕಾದರೆ ಮರಿ ನ್ಯೂಕ್ಲಿಯಸ್‌ನಲ್ಲಿ ಹೆಚ್ಚು ಶಕ್ತಿ ಉಳಿದಿರಬೇಕು, ಅಂದರೆ ಬೀಟಾ ಕಡಿಮೆ ಶಕ್ತಿ ತೆಗೆದುಕೊಂಡು ಹೋಗಿರುತ್ತದೆ. ಅಂಥ ದುರ್ಬಲ ಬೀಟಾಗಳಲ್ಲಿ ಕೆಲವನ್ನು ನಮ್ಮ ಪ್ಲಾಸ್ಟಿಕ್ ಕಾಣುವುದೇ ಇಲ್ಲ. ಇದು ನಿಜವಾದ ತೊಂದರೆ, ಎಲ್ಲರೂ ತಿದ್ದಲೇಬೇಕಾದದ್ದು. ಆದರೆ ಇದರಿಂದ ಪಿಎನ್ ಕಡಿಮೆ ಆಗಬೇಕು. ನಮಗೆ ಜಾಸ್ತಿ ಬಂದಿತ್ತು. ತಿದ್ದಿದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತಿತ್ತು! ಈ ಸಲ ಅರ್ಧ ಗಂಟೆಯಲ್ಲೇ ಬಿಟ್ಟೆವು. ತಪ್ಪು ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಮೊದಲು ನೋಡುವುದನ್ನು ಅಷ್ಟರಲ್ಲಿ ಕಲಿತಿದ್ದೆವು.

ನ್ಯೂಟ್ರಾನ್ ನೋಡದೆ ನ್ಯೂಟ್ರಾನ್ ಎಣಿಸಿದ್ದು

ಐದನೇ ದಿನ ಹುಡುಗ ಒಂದು ಮಾತು ಹೇಳಿದ. "ಅಕ್ಕಾ, ನ್ಯೂಟ್ರಾನ್ ಹೋದ್ಮೇಲೆ ಉಳಿಯೋದು ಸ್ಟ್ರಾನ್ಶಿಯಂ-94 ತಾನೆ? ಅದನ್ನೇ ಎಣಿಸಿದ್ರೆ?"

ಸುಮ್ನೆ ಕೇಳಿದ ಹಾಗಿತ್ತು, ಆದರೆ ಇಡೀ ಪ್ರಯೋಗ ತಿರುಗಿದ್ದು ಅಲ್ಲಿಂದ. ರುಬಿಡಿಯಂ-95 ಬೀಟಾ ಮಾತ್ರ ಕೊಟ್ಟರೆ ಸ್ಟ್ರಾನ್ಶಿಯಂ-95 ಆಗುತ್ತದೆ. ನ್ಯೂಟ್ರಾನನ್ನೂ ಬಿಟ್ಟರೆ ಸ್ಟ್ರಾನ್ಶಿಯಂ-94. ಎರಡೂ ವಿಕಿರಣಶೀಲ. ಎರಡಕ್ಕೂ ತಮ್ಮದೇ ಗಾಮಾ ಗುರುತು ಇದೆ. 95ಕ್ಕೆ 686, 94ಕ್ಕೆ 1428 ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ ಎರಡು ಗೆರೆಗಳ ಅನುಪಾತ ನೋಡಿದರೆ ಎಷ್ಟು ನ್ಯೂಕ್ಲಿಯಸ್‌ಗಳು ನ್ಯೂಟ್ರಾನ್ ಕಳೆದುಕೊಂಡವು ಎಂದು ತಿಳಿಯುತ್ತದೆ. ಪಾಲಿಥೀನ್ ಬೇಡ, ಹೀಲಿಯಂ ಬೇಡ, ಹಳದಿ ಚೀಟಿಯ 36 ಕೂಡ ಬೇಡ.

ಆದರೆ ಸ್ಟ್ರಾನ್ಶಿಯಂ-94ರ ಅರ್ಧಾಯು 75 ಸೆಕೆಂಡ್. ನಮ್ಮ ಟೇಪ್ ಕೆಲವೇ ಸೆಕೆಂಡಿಗೊಮ್ಮೆ ಓಡುತ್ತಿತ್ತು. ಅದು ಕ್ಷಯವಾಗುವಷ್ಟರಲ್ಲಿ ಟೇಪಿನ ಜೊತೆ ಹೊರಟುಹೋಗಿರುತ್ತಿತ್ತು. ಹಾಗಾಗಿ ಟೇಪ್ ನಿಲ್ಲಿಸಿ ಬೀಮ್ ತೆಗೆದುಕೊಳ್ಳಬೇಕಾಯಿತು. ಜರ್ಮೇನಿಯಂ ಡಿಟೆಕ್ಟರನ್ನು ಯುರೋಪಿಯಂ-152 ಇಟ್ಟು ಆಗಲೇ ಹೊಂದಿಸಿದ್ದೆವು. ಅದರ 779 ಮತ್ತು 1408ರ ಗೆರೆಗಳು ನಮಗೆ ಬೇಕಾದ ಎರಡೂ ಜಾಗದ ಅಕ್ಕಪಕ್ಕದಲ್ಲೇ ಇವೆ, ಅದು ನಮ್ಮ ಅದೃಷ್ಟ.

ಬೆಳಗಿನ ಜಾವದ ಹೊತ್ತಿಗೆ ಉತ್ತರ ಬಂತು. 9ರ ಆಸುಪಾಸು. ಅನಿಶ್ಚಿತತೆ ದೊಡ್ಡದಿತ್ತು, ಆದರೆ ಹತ್ತೂವರೆ ಅದರ ಆಚೆಗಿತ್ತು. ಅಂದರೆ ರುಬಿಡಿಯಂನಲ್ಲಿ ಏನೂ ವಿಚಿತ್ರ ಇಲ್ಲ, ಬೀಮಿನಲ್ಲಿ ಕಲಬೆರಕೆ ಇಲ್ಲ. ತಪ್ಪು ಇರುವುದು ನ್ಯೂಟ್ರಾನ್ ಯಂತ್ರದ ಎಫಿಶಿಯನ್ಸಿಯಲ್ಲಿ. ಆಗ ನಾವಿಬ್ಬರೂ ತಿರುಗಿ ಆ ಹಳದಿ ಚೀಟಿ ನೋಡಿದೆವು.

ಕ್ಯಾಲಿಫೋರ್ನಿಯಂ ಸುಳ್ಳು ಹೇಳಿರಲಿಲ್ಲ. ಅದರ ನ್ಯೂಟ್ರಾನ್‌ಗಳಿಗೆ 36 ಸರಿಯೇ. ಆದರೆ ಅದರ ನ್ಯೂಟ್ರಾನ್‌ಗಳ ಸರಾಸರಿ ಶಕ್ತಿ ಸುಮಾರು 2.1 ಮೆಗಾ ಎಲೆಕ್ಟ್ರಾನ್ ವೋಲ್ಟ್. ರುಬಿಡಿಯಂ-95ರದ್ದು ಅದರ ನಾಲ್ಕನೇ ಒಂದು ಭಾಗ. ವೇಗದ ನ್ಯೂಟ್ರಾನ್ ಪಾಲಿಥೀನಿನಲ್ಲಿ ದೂರ ಓಡುತ್ತದೆ, ಎಷ್ಟೋ ಸಲ ದಿಮ್ಮಿ ದಾಟಿ ಹೊರಗೇ ಹೋಗುತ್ತದೆ. ನಿಧಾನದ್ದು ಹತ್ತಿರದಲ್ಲೇ ಸುಸ್ತಾಗಿ ಒಳಗಿನ ಸಾಲಿನ ಟ್ಯೂಬಿಗೆ ಸಿಗುತ್ತದೆ. ರುಬಿಡಿಯಂನ ನ್ಯೂಟ್ರಾನ್‌ಗಳನ್ನು ನಮ್ಮ ಯಂತ್ರ 36ಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ನಾವು ಮಾತ್ರ 36ರಿಂದ ಭಾಗಿಸುತ್ತಿದ್ದೆವು.

ಬೇಸರದ ಸಂಗತಿ ಎಂದರೆ, ಯಂತ್ರ ಕಟ್ಟುವ ಮುಂಚೆ ಕಂಪ್ಯೂಟರ್‌ನಲ್ಲಿ ಮಾಡಿದ ಲೆಕ್ಕದಲ್ಲಿ ಇದೆಲ್ಲ ಇತ್ತು. ಶಕ್ತಿ ಏರಿದ ಹಾಗೆ ಎಫಿಶಿಯನ್ಸಿ ಇಳಿಯುವ ಗ್ರಾಫ್, ವರದಿಯಲ್ಲಿ ಅಚ್ಚಾಗಿತ್ತು. ಗ್ರಾಫ್ ಕಪಾಟಿನಲ್ಲಿತ್ತು, ಚೀಟಿ ಕಣ್ಣೆದುರಿಗಿತ್ತು.

ನಿರ್ಧಾರ

ಆರನೇ ದಿನ ಬೆಳಿಗ್ಗೆ ಸಭೆ. ಉಳಿದದ್ದು ಮೂರು ದಿನ. ಮುಖ್ಯ ನ್ಯೂಕ್ಲಿಯಸ್‌ನ ಬೀಮ್ ತೀರ ದುರ್ಬಲ, ಪ್ರತಿ ಗಂಟೆಯೂ ಬೇಕು. ಒಂದು ಸುಲಭದ ದಾರಿ ಇತ್ತು. ರುಬಿಡಿಯಂ-95ರ ಪಿಎನ್ ಗೊತ್ತು, ಅದರಿಂದ ಹೊಸ ಎಫಿಶಿಯನ್ಸಿ ತೆಗೆದು ಎಲ್ಲದಕ್ಕೂ ಅದನ್ನೇ ಹಾಕುವುದು. ಹಲವರು ಅದಕ್ಕೇ ಒಲವು ತೋರಿಸಿದರು. ತಪ್ಪು ಆಲೋಚನೆಯೇನಲ್ಲ, ಎಷ್ಟೋ ಪ್ರಯೋಗಗಳು ಹೀಗೇ ನಡೆದಿವೆ.

ತಂಡದ ಹಿರಿಯರು ಒಪ್ಪಲಿಲ್ಲ. ನಮ್ಮ ಮುಖ್ಯ ನ್ಯೂಕ್ಲಿಯಸ್‌ನ ನ್ಯೂಟ್ರಾನ್‌ಗಳು ರುಬಿಡಿಯಂನ ಹಾಗೇ ಇರುತ್ತವೆ ಎಂದು ಯಾರು ಹೇಳಿದರು ಎಂದು ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ. ಅರ್ಧ ದಿನದ ಬೀಮನ್ನು ಗೊತ್ತಿರುವ ಇನ್ನೂ ಮೂರು ನ್ಯೂಕ್ಲಿಯಸ್‌ಗಳಿಗೆ ಕೊಡೋಣ ಎಂದರು. ಬ್ರೋಮಿನ್-88, ರುಬಿಡಿಯಂ-94, ಅಯೋಡಿನ್-137. ಮೂರರ ಪಿಎನ್ ಚೆನ್ನಾಗಿ ಗೊತ್ತಿದೆ. ಮೂರರ ನ್ಯೂಟ್ರಾನ್ ಶಕ್ತಿಯೂ ಬೇರೆ ಬೇರೆ. ಅದರಲ್ಲೂ ಬ್ರೋಮಿನ್-88ರದ್ದು ತೀರ ಮೆತ್ತಗಿನ ನ್ಯೂಟ್ರಾನ್. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ನಡೆಸಿದ ಮೌಲ್ಯಮಾಪನದ ಸಂಖ್ಯೆಗಳನ್ನು ಹೋಲಿಕೆಗೆ ಇಟ್ಟುಕೊಂಡೆವು.

ಈಗ ಪ್ರತಿಯೊಂದಕ್ಕೂ ಎರಡು ಸಂಖ್ಯೆ ಬರೆದುಕೊಂಡೆವು. ಒಂದು, ಒಟ್ಟು ಎಫಿಶಿಯನ್ಸಿ. ಇನ್ನೊಂದು, ಒಳಗಿನ ಸಾಲಿನ ಎಣಿಕೆಯನ್ನು ಹೊರಗಿನ ಸಾಲಿನ ಎಣಿಕೆಯಿಂದ ಭಾಗಿಸಿದ್ದು. ನ್ಯೂಟ್ರಾನ್ ಮೆತ್ತಗಿದ್ದಷ್ಟೂ ಒಳಸಾಲಿನ ಪಾಲು ಜಾಸ್ತಿ. ಹೀಲಿಯಂ-3 ಟ್ಯೂಬಿನಿಂದ ನ್ಯೂಟ್ರಾನಿನ ಮೂಲ ಶಕ್ತಿ ತಿಳಿಯುವುದಿಲ್ಲ. ನಿಧಾನ ಮಾಡುವಾಗಲೇ ಅದು ಅಳಿಸಿಹೋಗಿರುತ್ತದೆ. ಆದರೆ ಎಷ್ಟು ದೂರ ಓಡಿ ಸಿಕ್ಕಿಬಿತ್ತು ಎಂಬುದರಲ್ಲಿ ಅದರ ನೆರಳು ಉಳಿದಿರುತ್ತದೆ.

ಹುಡುಗ ಗೆರೆ ಹಾಕಿದ ನೋಟ್‌ಬುಕ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಐದು ಚುಕ್ಕೆ ಇಟ್ಟ. ಕ್ಯಾಲಿಫೋರ್ನಿಯಂ ಒಂದು ತುದಿಗೆ, ಬ್ರೋಮಿನ್ ಇನ್ನೊಂದು ತುದಿಗೆ, ಮಿಕ್ಕ ಮೂರು ನಡುವೆ. ಸ್ಕೇಲ್ ಇಟ್ಟು ಗೆರೆ ಎಳೆದ. ಐದೂ ಚುಕ್ಕೆ ಗೆರೆಯ ಮೇಲೆ ಅಥವಾ ಪಕ್ಕದಲ್ಲೇ ಕೂತವು. ಆ ಹಾಳೆಯ ಮೂಲೆಯಲ್ಲಿ ಕಾಫಿ ಲೋಟದ ಗುಂಡನೆಯ ಕಲೆ ಈಗಲೂ ಇದೆ. ನಾನು ಅದನ್ನು ತೆಗೆದಿಟ್ಟುಕೊಂಡಿದ್ದೇನೆ.

ಏನಾಯಿತು

ಉಳಿದ ಎರಡೂವರೆ ದಿನ ಮುಖ್ಯ ನ್ಯೂಕ್ಲಿಯಸ್‌ಗೆ ಕೊಟ್ಟೆವು. ಮೊದಲ ಆರು ಗಂಟೆಯ ಡೇಟಾದಲ್ಲೇ ಒಳಸಾಲು-ಹೊರಸಾಲಿನ ಅನುಪಾತ ಕಾಣತೊಡಗಿತು. ಅದು ರುಬಿಡಿಯಂ-95ಕ್ಕೂ ಕ್ಯಾಲಿಫೋರ್ನಿಯಂಗೂ ನಡುವೆ ಬಂತು. ಅಂದರೆ ಇದರ ನ್ಯೂಟ್ರಾನ್‌ಗಳು ರುಬಿಡಿಯಂನವಕ್ಕಿಂತ ಚುರುಕು. ಸುಲಭದ ದಾರಿ ಹಿಡಿದಿದ್ದರೆ ಎಫಿಶಿಯನ್ಸಿಯನ್ನು ಜಾಸ್ತಿ ಎಂದುಕೊಂಡು, ಪಿಎನ್ ಅನ್ನು ಕಡಿಮೆ ಹೇಳುತ್ತಿದ್ದೆವು. ಚೀಟಿಯ 36 ಹಾಕಿದ್ದರೆ ಜಾಸ್ತಿ ಹೇಳುತ್ತಿದ್ದೆವು. ನಿಜ ಇದ್ದದ್ದು ನಡುವೆ. ಪ್ರಬಂಧದಲ್ಲಿ ಕೊಟ್ಟ ಸಂಖ್ಯೆ ಪೆನ್ಸಿಲ್ ಗೆರೆಯಿಂದ ಬಂದದ್ದು, ಆಮೇಲೆ ಕಂಪ್ಯೂಟರ್ ಲೆಕ್ಕದಿಂದ ಗಟ್ಟಿ ಮಾಡಿದ್ದು. ಅರ್ಧ ದಿನ ಕಡಿಮೆ ಡೇಟಾ ಸಿಕ್ಕಿದ್ದರಿಂದ ಎಣಿಕೆಯ ಅನಿಶ್ಚಿತತೆ ಸ್ವಲ್ಪ ಹೆಚ್ಚಾಯಿತು. ಆ ಬೆಲೆ ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಅನುಪಾತ ಸರಾಸರಿಯ ಸುಳಿವು ಮಾತ್ರ ಕೊಡುತ್ತದೆ. ಅರ್ಧ ತೀರ ಮೆತ್ತಗೆ, ಅರ್ಧ ತೀರ ಚುರುಕು ಇರುವ ನ್ಯೂಟ್ರಾನ್‌ಗಳೂ, ಎಲ್ಲವೂ ಮಧ್ಯಮ ಇರುವವೂ ಹೆಚ್ಚುಕಮ್ಮಿ ಒಂದೇ ಅನುಪಾತ ಕೊಡಬಹುದು. ಹಾಗಾಗಿ ಹಲವು ಬಗೆಯ ಸ್ಪೆಕ್ಟ್ರಮ್ ಊಹಿಸಿ, ಎಫಿಶಿಯನ್ಸಿ ಎಷ್ಟು ಅಲ್ಲಾಡುತ್ತದೆ ಎಂದು ನೋಡಿ, ಅದನ್ನೂ ಅನಿಶ್ಚಿತತೆಗೆ ಸೇರಿಸಿದೆವು.

ಆ ಪ್ರಯೋಗದ ನಂತರ ಕೆಲಸದ ಕ್ರಮ ಬದಲಾಯಿತು. ಕ್ಯಾಲಿಫೋರ್ನಿಯಂ ಈಗಲೂ ಇಡುತ್ತೇವೆ, ಟ್ಯೂಬ್‌ಗಳು ಆರೋಗ್ಯವಾಗಿವೆಯೇ ಎಂದು ನೋಡಲು, ಮತ್ತು ಗೆರೆಯ ಒಂದು ತುದಿಯ ಚುಕ್ಕೆಗಾಗಿ. ಬೀಮ್ ಕೇಳುವ ಅರ್ಜಿಯಲ್ಲೇ ಗೊತ್ತಿರುವ ಮೂರು ನ್ಯೂಕ್ಲಿಯಸ್‌ಗಳಿಗೆ ಸಮಯ ಸೇರಿಸುತ್ತೇವೆ. ಅನುಮಾನ ಬಂದಾಗ ಮೊದಲು ಬೋರ್ಡಿನ ಮೇಲೆ ಎರಡು ಬಾಣ ಬರೆಯುತ್ತೇವೆ: ಈ ದೋಷ ಸಂಖ್ಯೆಯನ್ನು ಮೇಲಕ್ಕೆ ಎಳೆಯುತ್ತದೋ, ಕೆಳಕ್ಕೋ. ಆಮೇಲಷ್ಟೇ ಸ್ಕ್ರೂಡ್ರೈವರ್. ಪ್ರತಿ ಟ್ಯೂಬಿನ ಪ್ರತಿ ಪಲ್ಸನ್ನೂ ಅದರ ಹೊತ್ತಿನ ಜೊತೆ ಬೇರೆಯಾಗಿ ಬರೆದಿಡುತ್ತೇವೆ.

ಈ ಕೊನೆಯ ಮಾತಿಗೆ ಒಂದು ಕಾರಣ ಇದೆ. ಕೆಲವು ತಿಂಗಳ ನಂತರ ಹಿರಿಯರು ನಮ್ಮಿಬ್ಬರನ್ನು ಕರೆದು ಹಳೆಯ ಒಂದು ಡಿಸ್ಕ್ ಕೊಟ್ಟರು. ಕೆಲವು ವರ್ಷಗಳ ಹಿಂದೆ ಅದೇ ಯಂತ್ರದಲ್ಲಿ ಅವರು ಬೇರೊಂದು ನ್ಯೂಕ್ಲಿಯಸ್ ಅಳೆದಿದ್ದರು. ಅದಕ್ಕೂ ಕ್ಯಾಲಿಫೋರ್ನಿಯಂನ ಎಫಿಶಿಯನ್ಸಿಯನ್ನೇ ಹಾಕಿದ್ದರು. ಹೊಸ ಗೆರೆ ಬಳಸಿ ಆ ಸಂಖ್ಯೆಯನ್ನು ತಿದ್ದಬಹುದೇ ನೋಡಿ ಎಂದರು. ಹುಡುಗ ಫೈಲ್ ತೆರೆದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಗ ಎಲೆಕ್ಟ್ರಾನಿಕ್ಸ್ ಚಾನೆಲ್‌ಗಳು ಕಡಿಮೆ ಇದ್ದವಂತೆ. ಮೂರೂ ಸಾಲಿನ ಟ್ಯೂಬ್‌ಗಳ ಸಿಗ್ನಲ್ ಒಟ್ಟು ಸೇರಿಸಿ ಒಂದೇ ತಂತಿಯಲ್ಲಿ ತಂದಿದ್ದರು. ಫೈಲಿನಲ್ಲಿ ಇದ್ದದ್ದು ಒಂದೇ ಕಾಲಂ.

"ಒಳಗಿನ ಸಾಲು ಯಾವ್ದು, ಹೊರಗಿನ್ದು ಯಾವ್ದು ಅಂತ ಗೊತ್ತಾಗಲ್ಲ ಅಕ್ಕಾ," ಅಂದ.

ಆ ನ್ಯೂಕ್ಲಿಯಸನ್ನು ಮತ್ತೆ ಅಳೆಯಲು ಅರ್ಜಿ ಹಾಕಿದ್ದೇವೆ.